ಬಸಿದ ನೀರಿನ ಸಾರು

ಕಳೆದ ತಿಂಗಳು ಪುತ್ತೂರಿನಲ್ಲಿ ನಾದಿನಿಯ ಮನೆಗೆ ಹೋಗಿದ್ದಾಗ ಕೈ ಸುಮ್ಮನಿರದೆ ಅಡಿಗೆಮನೆಗೆ ನುಗ್ಗಿದೆ. ಒಲೆಯ ಮೇಲೆ ಅಲಸಂಡೆ ಬೇಯುತ್ತಿತ್ತು. ಬೆಂದದ್ದೇ ತಡ, ಪಾತ್ರೆಗೆ ತಟ್ಟೆ ಅಡ್ಡ ಹಿಡಿದು ನೀರನ್ನೆಲ್ಲ ಸಿಂಕಿಗೆ ಬಸಿದುಬಿಟ್ಟೆ. ಆ ಹಸಿರು ನೀರಿನ ಹಬೆ ಮುಖಕ್ಕೆ ಬಡಿಯುತ್ತಿದ್ದಂತೆ ಹಿಂದಿನಿಂದ ನಾದಿನಿಯ ಸ್ವರ ಕೇಳಿತು.

"ಎಂತ ಅತ್ತಿಗೆ, ಅದನ್ನು ಯಾಕೆ ಚೆಲ್ಲಿದ್ದು? ಸಾರಿಗೆ ಆಗ್ತಿತ್ತಲ್ಲ."

ಅಭ್ಯಾಸಬಲ ಎಂದು ನಕ್ಕೆ. ಆದರೆ ಆ ಹಬೆಯ ವಾಸನೆ ಮೂಗಿನಿಂದ ಹೋಗಲಿಲ್ಲ. ಅದರ ಹಿಂದೆಯೇ ಏಳೆಂಟು ವರ್ಷದ ಹಿಂದಿನ ಒಂದು ಬೇಸಿಗೆ ಇಡಿಯಾಗಿ ಎದ್ದು ಬಂತು.

ಆಗ ನನಗೆ ಇಪ್ಪತ್ತನಾಲ್ಕು. ಮಂಗಳೂರಿನಲ್ಲಿ ಆಹಾರಶಾಸ್ತ್ರ ಓದಿ ಮುಗಿಸಿ, ಪುತ್ತೂರಿನ ಒಂದು ನಡುಗಾತ್ರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆ ಬೆಳ್ಳಾರೆಯಿಂದ ಬಸ್ಸು, ಸಂಜೆ ಪುನಃ ಬೆಳ್ಳಾರೆಗೆ ಬಸ್ಸು. ಸಕ್ಕರೆ ಕಾಯಿಲೆಯವರು, ಹೃದಯದವರು, ಕಿಡ್ನಿಯವರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ನನ್ನ ಕೆಲಸ. ನನ್ನ ಹುದ್ದೆಯ ಹೆಸರು ಯಾರ ನಾಲಿಗೆಗೂ ಹೊರಳದೆ, ತಿಂಗಳೊಪ್ಪತ್ತಿನಲ್ಲಿ ನಾನು ಎಲ್ಲರಿಗೂ 'ಪಥ್ಯದ ಮೇಡಂ' ಆಗಿಬಿಟ್ಟೆ. ನನಗೂ ಅದು ಹಿಡಿಸಿತ್ತು. ನಿಜ ಹೇಳಬೇಕೆಂದರೆ ಆಗ ನನಗೆ ಸ್ವಲ್ಪ ಜಂಬ. ಬಣ್ಣಬಣ್ಣದ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು, ತಿನ್ನಬಾರದ್ದಕ್ಕೆ ಕೆಂಪು ಗೆರೆ ಎಳೆಯುವುದು ಎಂದರೆ ಊಟಕ್ಕಿಂತ ಇಷ್ಟ.

ಆಸ್ಪತ್ರೆಯ ಹಿಂಬದಿಯಲ್ಲಿ ಡಯಾಲಿಸಿಸ್‌ನ ಕೋಣೆ. ಆರು ಹಾಸಿಗೆ, ಆರು ಯಂತ್ರ. ವಾರಕ್ಕೆರಡು ಸಲ ಬಂದು ನಾಲ್ಕು ಗಂಟೆ ಮಲಗಿ, ರಕ್ತ ತೊಳೆಸಿಕೊಂಡು, ಮಧ್ಯಾಹ್ನ ನಮ್ಮ ಅಡಿಗೆಮನೆಯಲ್ಲೇ ಉಂಡು ಹೋಗುವವರು. ಸುಳ್ಯ, ಕಡಬ, ನೆಟ್ಟಣದ ಕಡೆಯಿಂದೆಲ್ಲ ಬರುತ್ತಿದ್ದರು. ಅವರ ಪಟ್ಟಿಯೇ ಎಲ್ಲಕ್ಕಿಂತ ಕಷ್ಟದ್ದು. ಉಪ್ಪು ಕಡಿಮೆ. ನೀರು, ಚಹಾ, ಗಂಜಿ ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನ ಒಳಗೆ. ಅದಕ್ಕಿಂತ ದೊಡ್ಡ ತೊಡಕು ಪೊಟ್ಯಾಶಿಯಂ. ಹಣ್ಣು ತರಕಾರಿಯಲ್ಲಿರುವ ಈ ಅಂಶವನ್ನು ನಮ್ಮ ಕಿಡ್ನಿ ಹೊರಗೆ ಹಾಕುತ್ತದೆ. ಅವರ ಕಿಡ್ನಿ ಹಾಕುವುದಿಲ್ಲ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯ ಹೇಳದೆ ಕೇಳದೆ ನಿಂತುಹೋಗಬಹುದು. ಹಾಗಾಗಿ ಬೊಂಡದ ಎಳನೀರು ಬೇಡ, ಬಾಳೆಹಣ್ಣು ಬೇಡ, ಹಲಸು ಬೇಡ, ಸುವರ್ಣಗಡ್ಡೆ ಬೇಡ, ದಾರೆಹುಳಿ ಎಂಬ ನಕ್ಷತ್ರಹಣ್ಣನ್ನಂತೂ ಮೂಸಲೂ ಬೇಡ.

"ಇಷ್ಟೆಲ್ಲ ಬಿಟ್ರೆ ಮತ್ತೆ ನಾವು ಈ ಊರಲ್ಲಿ ಯಾಕೆ ಇರುದು ಮೇಡಂ?" ಎಂದು ಒಬ್ಬರು ಕೇಳಿದ್ದರು. ಅದು ಹಲಸಿನ ಕಾಲ ಬೇರೆ. ಆಸ್ಪತ್ರೆಯ ಕಂಪೌಂಡಿನ ಆಚೆ ಯಾರದೋ ಮರದಲ್ಲಿ ಹಣ್ಣಾಗಿ ಬಿರಿದ ವಾಸನೆ ಕಿಟಕಿಯಿಂದ ನೇರ ಡಯಾಲಿಸಿಸ್ ಕೋಣೆಗೇ ಬರುತ್ತಿತ್ತು.

ಉಳಿದ ತರಕಾರಿಗೂ ಒಂದು ವಿಧಾನ ಉಂಟು. ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದರೆ ಪೊಟ್ಯಾಶಿಯಂನ ಬಹುಪಾಲು ಆ ನೀರಿಗೆ ಇಳಿದಿರುತ್ತದೆ. ಇದನ್ನು ಮನೆಯವರಿಗೆ ಕಲಿಸಲೆಂದು ಏಪ್ರಿಲಿನ ಬಿಸು ಹಬ್ಬ ಕಳೆದ ಮರುವಾರ ಆಸ್ಪತ್ರೆಯ ಅಡಿಗೆಮನೆಯಲ್ಲಿ ಒಂದು ಕ್ಲಾಸ್ ಇಟ್ಟೆ. ರೋಗಿಗಳ ಹೆಂಡತಿಯರು, ಸೊಸೆಯರು ಸಾಲಾಗಿ ನಿಂತಿದ್ದರು. ಅಡಿಗೆಯ ಲಲಿತಕ್ಕ ಮಾಡಿ ತೋರಿಸುವುದು, ನಾನು ವಿವರಿಸುವುದು. ಲಲಿತಕ್ಕನಿಗೆ ಐವತ್ತು ದಾಟಿತ್ತು. ಆ ಒಲೆಯ ಮುಂದೆಯೇ ಇಪ್ಪತ್ತು ವರ್ಷ ಕಳೆದವರು. ಅಲಸಂಡೆ ಬೆಂದಿತು. "ಈಗ ಅನ್ನ ಬಸಿದ ಹಾಗೆಯೇ ಪೂರ್ತಿ ಬಸಿಯಬೇಕು" ಎಂದೆ. ಅನ್ನ ಬಸಿಯಲು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ, ಎಲ್ಲರೂ ತಲೆಯಾಡಿಸಿದರು. ಲಲಿತಕ್ಕ ಪಾತ್ರೆ ಬಗ್ಗಿಸಿದ್ದನ್ನು ನೋಡಿದೆ. ಅಷ್ಟರಲ್ಲಿ ವಾರ್ಡಿನಿಂದ ಕರೆ ಬಂತು. ಕ್ಲಾಸ್ ಮುಗಿಯಿತೆಂದು ಕೈ ಒರೆಸಿಕೊಂಡು ಹೊರಟೆ. ನಾನು ಹೋದ ಮೇಲೆ ಅಲ್ಲಿ ಇನ್ನೊಂದು ಕ್ಲಾಸ್ ಸುರುವಾಯಿತೆಂದು ನನಗೆ ಗೊತ್ತೇ ಆಗಲಿಲ್ಲ.

ಆ ಆರು ಮಂದಿಯಲ್ಲಿ ನನ್ನ ಮೆಚ್ಚಿನವರು ಚೆನ್ನಪ್ಪಣ್ಣ. ನೆಟ್ಟಣದವರು. ಘಾಟಿಯ ರೈಲುಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಸೋಮವಾರ, ಗುರುವಾರ ಹೆಂಡತಿ ಜಾನಕಿಯಕ್ಕನ ಜೊತೆ ರೈಲಿನಲ್ಲಿ ಬರುತ್ತಿದ್ದರು. ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಎಷ್ಟು ಲೋಟ ಕುಡಿದದ್ದು, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿತ್ತು. ಉಳಿದವರು ಮೀನುಸಾರು ತಿಂದು ಬಂದು ಹಲ್ಲು ಕಿರಿಯುವಾಗ ಇವರ ನೋಟ್‌ಬುಕ್ಕು ತೋರಿಸಿ ನಾನು ಬೈಯುತ್ತಿದ್ದೆ.

ಮೇ ತಿಂಗಳ ಮೊದಲ ರಕ್ತಪರೀಕ್ಷೆಯಲ್ಲಿ ಚೆನ್ನಪ್ಪಣ್ಣನ ಪೊಟ್ಯಾಶಿಯಂ ಮೇಲೆ ಹೋಗಿತ್ತು. ಮುಂದಿನ ವಾರ ಇನ್ನೂ ಮೇಲೆ. ಐದರ ಆಸುಪಾಸಿನಲ್ಲಿರಬೇಕಾದದ್ದು ಆರು ದಾಟಿತು. ಉಳಿದವರದ್ದೂ ಒಂದಿಷ್ಟು ಏರಿತ್ತು, ಆದರೆ ಹೆದರುವಷ್ಟಲ್ಲ. ಡಾಕ್ಟರು ನನ್ನನ್ನು ಕರೆಸಿ ಕಾಗದ ಮುಂದಿಟ್ಟರು.

"ತೂಕ ಸರಿಯಾಗಿಯೇ ಉಂಟು. ಅಂದ್ರೆ ನೀರು ಜಾಸ್ತಿ ಕುಡೀತಾ ಇಲ್ಲ. ಹಾಗಾದ್ರೆ ಹಣ್ಣು ತಿಂತಿದ್ದಾರೆ. ಇನ್ನು ಎರಡು ವಾರ ನೋಡುವ. ಇಳಿಯದಿದ್ರೆ ಮಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸ್ಲೇಬೇಕು, ನಾನು ರಿಸ್ಕ್ ತೆಗೊಳ್ಳುದಿಲ್ಲ."

ಮಂಗಳೂರು ಎಂದರೆ ಎಷ್ಟು ದಿನವೋ ಹೇಳಲಾಗದು. ಅದಕ್ಕಿಂತ, ಅಲ್ಲಿಗೆ ತಲುಪುವ ಮೊದಲೇ ಏನಾದರೂ ಆದರೆ ಎಂಬ ಹೆದರಿಕೆ ನನ್ನನ್ನು ಹಿಡಿಯಿತು. ಹೆದರಿಕೆ ನನಗೆ ಯಾವಾಗಲೂ ಸಿಟ್ಟಿನ ವೇಷ ಹಾಕಿಕೊಂಡೇ ಬರುವುದು. ಸೀದಾ ಡಯಾಲಿಸಿಸ್ ಕೋಣೆಗೆ ಹೋದವಳು, ಆರೂ ಹಾಸಿಗೆಯವರು ಕೇಳುವ ಹಾಗೆ ಅವರನ್ನು ತರಾಟೆಗೆ ತೆಗೆದುಕೊಂಡೆ.

"ಚೆನ್ನಪ್ಪಣ್ಣ, ನಿಮ್ಮಿಂದ ನಾನು ಇದನ್ನು ನಿರೀಕ್ಷೆ ಮಾಡಿರ್ಲಿಲ್ಲ. ಬಾಳೆಹಣ್ಣಾ, ಹಲಸಾ?"

"ತಿನ್ಲಿಲ್ಲ ಮೇಡಂ."

"ನೋಟ್‌ಬುಕ್ಕಲ್ಲಿ ಎಂತ ಬೇಕಾದ್ರೂ ಬರೀಬಹುದು. ರಕ್ತ ಸುಳ್ಳು ಹೇಳುದಿಲ್ಲ. ಕದ್ದು ತಿಂದ್ರೆ ನನಗೆ ನಷ್ಟ ಇಲ್ಲ, ನಿಮ್ಮ ಜೀವ ಹೋಗುದು."

ಅವರು ಯಂತ್ರದ ಕಡೆ ಮುಖ ತಿರುಗಿಸಿದರು. ಕೈಗೆ ಸೂಜಿ ಚುಚ್ಚಿದ್ದರಿಂದ ಅಷ್ಟೇ ತಿರುಗಲು ಸಾಧ್ಯವಿದ್ದದ್ದು. ಜಾನಕಿಯಕ್ಕ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದರು. ಅವರು ಒಮ್ಮೆ ನನ್ನನ್ನು, ಒಮ್ಮೆ ಗಂಡನನ್ನು ನೋಡಿದರು.

ಆ ಗುರುವಾರ ಚೆನ್ನಪ್ಪಣ್ಣ ನೋಟ್‌ಬುಕ್ಕು ತಂದಿರಲಿಲ್ಲ. ಕೇಳಿದ್ದಕ್ಕೆ "ಬರ್ದು ಎಂತ ಪ್ರಯೋಜನ?" ಎಂದರು. ರಕ್ತದ ಲೆಕ್ಕವೂ ಇಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ನಾನು ಪುತ್ತೂರಿಗೆ ಬಂದು ರೈಲು ಹತ್ತಿದೆ. ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ನಿಜವಾಗಿ ಹೊರಟದ್ದು ಕಳ್ಳನನ್ನು ಹಿಡಿಯಲು. ದೇವಸ್ಥಾನಕ್ಕೆ ಹೋಗುವವರೂ ಇಳಿಯುವುದು ನೆಟ್ಟಣದಲ್ಲೇ. ಅಲ್ಲಿ ಇಳಿದು, ವಿಚಾರಿಸಿಕೊಂಡು, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವರ ಮನೆ. ಎರಡು ಕೋಣೆಯ ಹಂಚಿನ ಮನೆ. ಜಾನಕಿಯಕ್ಕ ಗಾಬರಿಯಿಂದ ಓಡಿ ಬಂದರು.

"ಎಂತ ಮೇಡಂ, ರಿಪೋರ್ಟು ಹಾಳಾಗಿ ಉಂಟಾ?"

"ಇಲ್ಲ ಜಾನಕಿಯಕ್ಕ, ದೇವಸ್ಥಾನಕ್ಕೆ ಬಂದಿದ್ದೆ, ಹೀಗೆ ಹೋಗುವ ಅಂತ" ಎಂದು ನಾಚಿಕೆಯಿಲ್ಲದೆ ಹೇಳಿದೆ.

ಕೈಕಾಲು ತೊಳೆಯುವ ನೆಪದಲ್ಲಿ ಹಿಂಬದಿಗೆ ಹೋದೆ. ಕಸದ ಗುಂಡಿಗೆ ಬಗ್ಗಿ ನೋಡಿದ್ದನ್ನು ಈಗ ಬರೆಯಲು ಸಂಕೋಚವಾಗುತ್ತದೆ. ಆದರೆ ನೋಡಿದ್ದು ನಿಜ. ಬಾಳೆಹಣ್ಣಿನ ಸಿಪ್ಪೆ ಇರಲಿಲ್ಲ, ಹಲಸಿನ ಸೊಳೆ ಬಿಡಿಸಿದ ರೆಚ್ಚೆ ಇರಲಿಲ್ಲ. ಮನೆಯ ಪಕ್ಕದ ಹಲಸಿನ ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ. "ಕಣ್ಣೆದುರು ಇದ್ರೆ ಇವರಿಗೆ ಆಸೆ ಆಗುದು ಬೇಡ ಅಂತ ಎಳತರಲ್ಲೇ ಕೊಯ್ಸಿ ಆಚೆ ಮನೆಯವ್ರಿಗೆ ಕೊಟ್ಟೆ" ಎಂದು ಜಾನಕಿಯಕ್ಕ ಹಿಂದಿನಿಂದ ಹೇಳಿದರು. ಗುಂಡಿಗೆ ಬಗ್ಗಿದ್ದನ್ನು ಅವರು ನೋಡಿದ್ದರೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ಊಟ ಮಾಡದೆ ಬಿಡಲಿಲ್ಲ. ನನಗೆ ಬೇರೆ ಅಡಿಗೆ ಮಾಡುತ್ತೇನೆಂದರು. ಬೇಡ, ಚೆನ್ನಪ್ಪಣ್ಣ ಉಣ್ಣುವುದನ್ನೇ ಬಡಿಸಿ ಎಂದೆ. ಅದೂ ತನಿಖೆಯ ಒಂದು ಭಾಗವೇ. ಬಸಿದ ಕುಚ್ಚಲಕ್ಕಿ ಅನ್ನ, ಉಪ್ಪಿಲ್ಲದ ಅಲಸಂಡೆ ಪಲ್ಯ, ಒಂದು ಚಿಕ್ಕ ಬಟ್ಟಲಲ್ಲಿ ಸಾರು. ಪಲ್ಯ ಸಪ್ಪೆಯಾಗಿತ್ತು, ಇರಬೇಕಾದದ್ದೇ. ಸಾರು ಬಾಯಿಗಿಟ್ಟವಳು ಬೆರಗಾದೆ. ಗಾಂಧಾರಿ ಮೆಣಸಿನ ಖಾರ, ಬೆಳ್ಳುಳ್ಳಿಯ ಒಗ್ಗರಣೆ, ಕೊನೆಗೆ ಲಿಂಬೆ ಹಿಂಡಿದ್ದು. ಉಪ್ಪಿಲ್ಲವೆಂದು ಗೊತ್ತೇ ಆಗುತ್ತಿರಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡೆ.

"ಇವರಿಗೂ ಇದೇ ಆಗ್ಬೇಕು" ಎಂದರು ಜಾನಕಿಯಕ್ಕ. "ಮೂರು ಹೊತ್ತು ಇದೇ. ಇದಕ್ಕೆ ಜಾಗ ಬೇಕು ಅಂತ ನೀರು ಕುಡಿಯುದನ್ನೇ ಬಿಟ್ಟಿದ್ದಾರೆ."

"ಲೋಟದ ಲೆಕ್ಕದ ಒಳಗೇ" ಎಂದು ಚೆನ್ನಪ್ಪಣ್ಣ ತಟ್ಟೆಯಿಂದ ತಲೆಯೆತ್ತದೆ ಹೇಳಿದರು.

"ಇದನ್ನು ಹೇಗೆ ಮಾಡುದು ಜಾನಕಿಯಕ್ಕ? ನಮ್ಮ ಅಮ್ಮನಿಗೆ ಹೇಳ್ಬೇಕು."

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ನಿಮ್ಮ ಕ್ಲಾಸಲ್ಲಿ ಹೇಳಿಕೊಟ್ಟದ್ದೇ ಅಲ್ವಾ ಮೇಡಂ? ಅಲಸಂಡೆ ಬಸಿದ ನೀರು. ಹಾಳು ಮಾಡ್ಬಾರ್ದು, ಸಾರು ಮಾಡಿ ಅಂತ ಲಲಿತಕ್ಕ ಹೇಳಿದ್ರು. ಆಸ್ಪತ್ರೆಯಲ್ಲೂ ಅದೇ ಬಡಿಸುದಲ್ವಾ?"

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ತರಕಾರಿಯಿಂದ ನಾನು ಕಷ್ಟಪಟ್ಟು ಹೊರಗೆ ಹಾಕಿಸಿದ ಪೊಟ್ಯಾಶಿಯಂ ಅಷ್ಟೂ ಆ ಬಟ್ಟಲಲ್ಲಿತ್ತು. ಕದ್ದು ಮೀನು ತಿಂದವರು, ಮನೆಯಲ್ಲಿ ಹಟ ಮಾಡಿ ಬೇರೆ ಮೇಲೋಗರ ಮಾಡಿಸಿಕೊಂಡವರು ಈ ಸಾರನ್ನು ಅಷ್ಟಾಗಿ ಮುಟ್ಟಿರಲಿಲ್ಲ. ಅವರೆಲ್ಲ ಹೇಗೋ ಪಾಸಾದರು. ನನ್ನ ಮಾತಿಗೆ ಕಟ್ಟುಬಿದ್ದು ಇದೊಂದರಲ್ಲೇ ಊಟ ಮುಗಿಸಿದ ಮನುಷ್ಯ ಫೇಲಾದರು. ಅವರನ್ನು ನಾನು ಆರು ಜನರ ಮುಂದೆ ಕಳ್ಳ ಎಂದಿದ್ದೆ. ಯಾರನ್ನು ದೂರುವುದು? ಬೆಳ್ಳಾರೆಯಲ್ಲಿ ನನ್ನ ಅಮ್ಮನೂ ಹರಿವೆಸೊಪ್ಪು ಬಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುವವಳೇ. ಅನ್ನದ ತಿಳಿ ಕೂಡ ನಮ್ಮಲ್ಲಿ ಒಂದೋ ಉಪ್ಪು ಹಾಕಿ ಕುಡಿಯಲಿಕ್ಕೆ, ಇಲ್ಲವೇ ಹಸುವಿಗೆ. ಬಸಿದದ್ದನ್ನು ಯಾರೂ ಚೆಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನನ್ನ ಬಣ್ಣದ ಪಟ್ಟಿಯಲ್ಲಿ ಬಸಿಯಿರಿ ಎಂದಷ್ಟೇ ಬರೆದು ಬಿಟ್ಟಿದ್ದೆ.

ಸಾರು ಇನ್ನು ಬೇಡವೆಂದು ಹೇಳಿ, ಕಾರಣ ವಿವರಿಸಿದೆ. ಚೆನ್ನಪ್ಪಣ್ಣ "ಹಾಗಾ" ಎಂದು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು, ಅಷ್ಟೆ. ತಪ್ಪು ನನ್ನದೆಂದು ಮಾತ್ರ ಹೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಖಚಿತವಾಗಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡು ಸಂಜೆಯ ರೈಲು ಹತ್ತಿದೆ.

ಸೋಮವಾರ ಮೊದಲು ಹೋದದ್ದು ಅಡಿಗೆಮನೆಗೆ. ಲಲಿತಕ್ಕ ಆಗಲೇ ಬಸಿದ ನೀರಿನ ಪಾತ್ರೆಯನ್ನು ಒಲೆಗೇರಿಸಿದ್ದರು.

"ಲಲಿತಕ್ಕಾ, ಆ ನೀರು ಚೆಲ್ಲುದಲ್ವಾ?"

"ಬಸಿಯಿರಿ ಅಂತ ಹೇಳಿದ್ರಿ. ಚೆಲ್ಲಿ ಅಂತ ನೀವು ಯಾವಾಗ ಹೇಳಿದ್ದು? ತರಕಾರಿಯ ಸತ್ವ ಎಲ್ಲ ಇದರಲ್ಲೇ ಇರುದಲ್ವಾ ಮಾರಾಯ್ರೆ."

"ಆ ಸತ್ವವೇ ಅವರಿಗೆ ವಿಷ."

ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕೈಯ ಸೌಟು ನಿಂತಿತು. ಒಲೆ ಆರಿಸಿ, ತರಕಾರಿ ಹೆಚ್ಚುವ ಮಣೆಯ ಮೇಲೆ ಕುಳಿತುಬಿಟ್ಟರು. "ಸಪ್ಪೆ ಊಟ ಮಾಡ್ಲಿಕ್ಕೆ ಆಗುದಿಲ್ಲ ಅವರಿಗೆ, ಒಂದು ಸಾರಾದ್ರೂ ರುಚಿಯಾಗಿರ್ಲಿ ಅಂತ ಮಾಡಿದ್ದು ಮಗಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಡಂ ಹೋಗಿ ಮಗಾ ಆಗಿದ್ದೆ. ನಾನೂ ಅವರ ಪಕ್ಕ ಕುಳಿತೆ.

ಮರುದಿನದಿಂದ ಇನ್ನೊಂದು ತಾಪತ್ರಯ. ಲಲಿತಕ್ಕನಿಗೆ ಆ ನೀರನ್ನು ಚರಂಡಿಗೆ ಚೆಲ್ಲಲು ಕೈ ಬಾರದು. ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತೇ ಇರುವರು. "ಪಾಪ ಬರ್ತದೆ" ಎನ್ನುವರು. ಕೊನೆಗೆ ದಾರಿ ಅವರೇ ಕಂಡುಕೊಂಡರು. ಆಸ್ಪತ್ರೆಯ ಹಿಂದಿನ ಮನೆಯವರಿಗೆ ಒಂದು ಕರೆಯುವ ಹಸು ಇತ್ತು. ದಿನಾ ಹನ್ನೊಂದು ಗಂಟೆಗೆ ಆ ಮನೆಯ ಹೆಂಗಸು ಬಕೆಟು ಹಿಡಿದು ಬರುವುದು, ಲಲಿತಕ್ಕ ಆರಿಸಿಟ್ಟ ನೀರನ್ನು ಹಸುವಿನ ಅಕ್ಕಚ್ಚಿಗೆಂದು ಸುರಿದುಕೊಡುವುದು. ಮನೆಮನೆಗೂ ಅದೇ ಉಪಾಯ ಹೇಳಿ ಕಳಿಸಿದೆವು. ಚೆಲ್ಲಿ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಸುವಿಗೆ ಕೊಡಿ ಎಂದದ್ದೇ ಎಲ್ಲರಿಗೂ ನೆಮ್ಮದಿಯಾಯಿತು. ಡಾಕ್ಟರಿಗೆ ವಿಷಯ ತಿಳಿಸಿದಾಗ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕನ್ನಡಕ ತೆಗೆದು, "ನಮ್ಮ ಮನೆಯಲ್ಲೂ ಅದೇ ಸಾರು" ಎಂದರು.

ಲಲಿತಕ್ಕ ಅಲ್ಲಿಗೇ ಬಿಡಲಿಲ್ಲ. ಬರೀ ನೀರಿಗೆ ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ಕರಿಬೇವಿನ ಸೊಪ್ಪು ಹಾಕಿ, ಲಿಂಬೆ ಹಿಂಡಿ ಹೊಸದೊಂದು ಸಾರು ಮಾಡಿದರು. ಹಳೆಯದರ ಸಮಕ್ಕೆ ಬರಲಿಲ್ಲ, ಆದರೂ ಅರ್ಧ ಬಟ್ಟಲಲ್ಲಿ ಊಟ ಸಾಗುತ್ತಿತ್ತು. ಜಾನಕಿಯಕ್ಕ ಅದನ್ನು ನಿಂತು ಕಲಿತರು. ಈ ಸಲ ಪೂರ್ತಿ ಮುಗಿಯುವವರೆಗೆ ನಾನು ಅಡಿಗೆಮನೆ ಬಿಟ್ಟು ಕದಲಲಿಲ್ಲ.

ಡಾಕ್ಟರು ಕೊಟ್ಟಿದ್ದ ಎರಡು ವಾರ ಕಳೆದ ಸೋಮವಾರ ರಿಪೋರ್ಟು ಬಂತು. ಐದಕ್ಕಿಂತ ಒಂದು ಕೂದಲು ಮೇಲೆ. ಡಾಕ್ಟರು ಮಂಗಳೂರಿಗೆ ಕಳಿಸಲು ಬರೆದಿಟ್ಟಿದ್ದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಕಾಗದ ಹಿಡಿದು ಡಯಾಲಿಸಿಸ್ ಕೋಣೆಗೆ ಹೋದೆ. ಬೈದದ್ದು ಎಲ್ಲರ ಮುಂದೆ, ಈಗ ಕಿವಿಯಲ್ಲಿ ಹೇಳಿದರೆ ಆಗದು.

"ಎಲ್ರೂ ಸ್ವಲ್ಪ ಕೇಳಿ" ಎಂದೆ. "ಚೆನ್ನಪ್ಪಣ್ಣ ಎಂತದನ್ನೂ ಕದ್ದು ತಿಂದದ್ದಲ್ಲ. ನಾನು ಹೇಳಿಕೊಟ್ಟದ್ದೇ ಅರ್ಧ. ಹೇಳಿದ ಹಾಗೆಯೇ ಮಾಡಿದ್ದಕ್ಕೆ ಅವರಿಗೆ ಏರಿದ್ದು. ಅವತ್ತು ನಾನು ಆಡಿದ ಮಾತು ತಪ್ಪು."

ಚೆನ್ನಪ್ಪಣ್ಣ ಸೂಜಿಯಿಲ್ಲದ ಕೈಯಲ್ಲಿ ಹೊದಿಕೆ ಸರಿಮಾಡಿಕೊಂಡರು.

"ಅದನ್ನು ಒಂದು ಕಾಗದದಲ್ಲಿ ಬರ್ದು ಕೊಡ್ಬಹುದಾ ಮೇಡಂ?"

"ಯಾವುದನ್ನು?"

"ಈಗ ಹೇಳಿದ್ದನ್ನು. ತಿನ್ಲಿಲ್ಲ ಅಂತ. ಸೀಲು ಹಾಕಿ."

ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದರೆ ತಮಾಷೆಯಲ್ಲ. ಆಸ್ಪತ್ರೆಯ ಕಾಗದದಲ್ಲಿ, 'ಚೆನ್ನಪ್ಪ ಗೌಡರು ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿರುತ್ತಾರೆ. ನಿಷಿದ್ಧವಾದ ಯಾವುದನ್ನೂ ತಿಂದಿರುವುದಿಲ್ಲ. ತಪ್ಪು ನಮ್ಮದು' ಎಂದು ದುಂಡಗೆ ಬರೆದೆ. ಸಹಿ ಹಾಕಿ, ಅದರ ಮೇಲೆ ಆಹಾರ ವಿಭಾಗದ ಸೀಲು ಒತ್ತಿದೆ. ಆ ಸೀಲನ್ನು ನಾನು ಬಳಸಿದ್ದು ಅದೇ ಮೊದಲು.

ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು ಎದ್ದು ಕುಳಿತ ಮೇಲೆ ಅವರು ಅದನ್ನು ಎರಡು ಸಲ ಓದಿದರು. ಮತ್ತೆ ಜಾನಕಿಯಕ್ಕನ ಕಡೆ ಚಾಚಿದರು.

"ತಕೋ. ನಿನಗೆ."

ಜಾನಕಿಯಕ್ಕ ಓದಿದರು. "ನನಗೆ ಯಾಕೆ ಇದು? ನಾನು ಯಾವಾಗ ಸಂಶಯ ಮಾಡಿದ್ದು?" ಎಂದು ಗಟ್ಟಿಯಾಗಿಯೇ ಸುರು ಮಾಡಿದವರು ಅರ್ಧದಲ್ಲಿ ತಡವರಿಸಿದರು. ನನ್ನ ಕಡೆ ತಿರುಗಿ, ಸ್ವರ ತಗ್ಗಿಸಿ, "ಒಂದೇ ಒಂದು ದಿನ ಮೇಡಂ. ನೀವು ಬೈದ ಮರುದಿನ. ಮಧ್ಯಾಹ್ನ ಇವರು ಮಲಗಿದ್ದಾಗ, ಹಲಸಿನ ವಾಸನೆ ಬರ್ತದಾ ಅಂತ ಬಾಯಿ ಮೂಸಿ ನೋಡಿದೆ. ಇವರಿಗೆ ನಿದ್ದೆ ಬಂದಿತ್ತು" ಎಂದರು.

"ನನಗೆ ಎಚ್ಚರ ಇತ್ತು" ಎಂದರು ಚೆನ್ನಪ್ಪಣ್ಣ.

ಜಾನಕಿಯಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು. ಮತ್ತೆ ಬಗ್ಗಿ ಅವರ ಕಾಲಿಗೆ ಚಪ್ಪಲಿ ಹಾಕಿಸಿ, ತೋಳು ಹಿಡಿದು ಎಬ್ಬಿಸಿ, ಊಟಕ್ಕೆ ಕರೆದುಕೊಂಡು ಹೋದರು.